ಓದುವ ಹೊತ್ತು ಯಾರ ಸ್ವತ್ತು?

ಕಳೆದ ಭಾನುವಾರ ಸಂಜೆ ನಮ್ಮ ಕಚೇರಿಗೆ ಹಿರಿಯ ಗಿರಣಿ ಕಾರ್ಮಿಕರೊಬ್ಬರು ಬಂದಿದ್ದರು. ನೂಲುವ ಖಾತೆಯಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಜೇಬಿನಿಂದ ನಾಲ್ಕಾಗಿ ಮಡಚಿದ ಬಣ್ಣದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಹರಡಿದರು. ಅದು ರಾಜಧಾನಿಯ ಯಾವುದೋ ತರಬೇತಿ ಅಂಗಡಿ ಅಚ್ಚು ಹಾಕಿಸಿದ ವೇಳಾಪಟ್ಟಿ. ಬೆಳಗಿನ ಜಾವ ನಾಲ್ಕಕ್ಕೆ ಏಳುವುದು, ರಾತ್ರಿ ಹನ್ನೊಂದಕ್ಕೆ ಮಲಗುವುದು, ನಡುವೆ ಊಟ ತಿಂಡಿ ಸ್ನಾನ ಕಳೆದು ಹದಿನಾಲ್ಕು ಗಂಟೆ ಓದು. ಹೀಗೆ ಆರು ತಿಂಗಳು. ಹಾಳೆಯ ಅಡಿಯಲ್ಲಿ ದಪ್ಪಕ್ಷರದಲ್ಲಿ, ನೆಪ ಹೇಳುವವರಿಗೆ ಇಲ್ಲಿ ಜಾಗವಿಲ್ಲ ಎಂಬ ಎಚ್ಚರಿಕೆ.

“ಮಗಳು ಕಿರ್ಗಿಸ್ತಾನದಲ್ಲಿ ಡಾಕ್ಟರ್ ಓದಿ ಬಂದಳು ಸ್ವಾಮಿ. ಇಲ್ಲಿಯ ಪರೀಕ್ಷೇಲಿ ಎರಡು ಸಲ ಫೇಲಾದಳು. ಈ ಹಾಳೇಲಿ ಇರೋ ಹಾಗೆ ಓದೋಕ್ಕಾಗಲಿಲ್ಲ, ತಪ್ಪು ನಂದೇ ಅಂತ ಅಳ್ತಾಳೆ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರ ತನಕ ನರ್ಸಿಂಗ್ ಹೋಮಲ್ಲಿ ಕೆಲಸ. ಹದಿನಾಲ್ಕು ಗಂಟೆ ಎಲ್ಲಿಂದ ತರಲಿ ಹೇಳಿ? ಸಂತೇಲಿ ಸಿಗ್ತದಾ?”

ಆ ಪ್ರಶ್ನೆಯನ್ನು ಕೇಳಿ ನಾವು ಆ ಹೊತ್ತಿಗೆ ಸುಮ್ಮನಾದೆವು. ಮನೆಗೆ ಹೋದ ಮೇಲೆ ನಿದ್ದೆ ಬರಲಿಲ್ಲ. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಪರೀಕ್ಷೆ ಯಾವುದೆಂದು ತಿಳಿಯದ ಓದುಗರಿಗೆ ಮೊದಲು ನಾಲ್ಕು ಮಾತು. ಹೊರದೇಶದಲ್ಲಿ ವೈದ್ಯ ಪದವಿ ಪಡೆದು ಬಂದ ನಮ್ಮ ಮಕ್ಕಳು ಇಲ್ಲಿ ರೋಗಿಯ ಕೈ ಹಿಡಿಯಬೇಕಾದರೆ ಎಫ್.ಎಂ.ಜಿ.ಇ. ಎಂಬ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 2002ರಿಂದ ಇದು ನಡೆದುಬಂದಿದೆ. ದೆಹಲಿಯ ರಾಷ್ಟ್ರೀಯ ಪರೀಕ್ಷಾ ಮಂಡಳಿ ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ. ಒಂದೇ ದಿನ ಬೆಳಿಗ್ಗೆ 150 ಪ್ರಶ್ನೆ, ಮಧ್ಯಾಹ್ನ 150 ಪ್ರಶ್ನೆ. ಪ್ರತಿ ಭಾಗಕ್ಕೆ 150 ನಿಮಿಷ, ಅಂದರೆ ಒಂದು ಪ್ರಶ್ನೆಗೆ ಒಂದೇ ನಿಮಿಷ. 300ಕ್ಕೆ 150 ಬಂದರೆ ಪಾಸು, 149 ಬಂದರೆ ಮತ್ತೆ ಆರು ತಿಂಗಳು. ಪಾಸಾದ ಮೇಲೂ ಇಲ್ಲಿ ಹನ್ನೆರಡು ತಿಂಗಳ ಇಂಟರ್ನ್‌ಷಿಪ್ ಮಾಡಿದ ಹೊರತು ಪೂರ್ಣ ನೋಂದಣಿ ಇಲ್ಲ. ಹೋದ ಕೆಲವು ವರ್ಷಗಳಲ್ಲಿ ಕೂತವರಲ್ಲಿ ಸುಮಾರು ಐದಕ್ಕೆ ಒಬ್ಬರು, ಒಳ್ಳೆಯ ಸಲ ನಾಲ್ಕಕ್ಕೆ ಒಬ್ಬರು ಪಾಸಾಗುತ್ತ ಬಂದಿದ್ದಾರೆ.

ಇಷ್ಟು ಮಂದಿ ನಪಾಸಾದರೆ ದೊಡ್ಡವರ ಬಾಯಲ್ಲಿ ಸಿದ್ಧ ಉತ್ತರವಿದೆ: ಹುಡುಗರು ಸೋಮಾರಿಗಳು, ದುಡ್ಡು ಕೊಟ್ಟು ಡಿಗ್ರಿ ತಂದವರು. 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ದಿನಸಿ ಅಂಗಡಿಯ ಬಳಿ ಶೆಲ್ ದಾಳಿಗೆ ಸಿಕ್ಕಿ ನಮ್ಮ ಹಾವೇರಿ ಜಿಲ್ಲೆಯ ವಿದ್ಯಾರ್ಥಿ ಸತ್ತ. ಅದೇ ದಿನಗಳಲ್ಲಿ, ಕರ್ನಾಟಕದಿಂದಲೇ ಆರಿಸಿ ಹೋದ ಕೇಂದ್ರ ಮಂತ್ರಿಯೊಬ್ಬರು, ಹೊರಗೆ ಓದಿದವರಲ್ಲಿ ಶೇಕಡ 90 ಮಂದಿ ಇಲ್ಲಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲವೆಂದು ಹೇಳಿದರು. ಹೆಣ ಇನ್ನೂ ಊರಿಗೆ ಬಂದಿರಲಿಲ್ಲ. ಆ ಮಾತಿಗೆ ಅದು ಹೊತ್ತೇ?

ಈ ಮಕ್ಕಳು ಹೋದದ್ದಾದರೂ ಏಕೆ? 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯ ಕಾಲೇಜು ಬಾಗಿಲು ತೆರೆದಂದಿನಿಂದ ನಮ್ಮ ರಾಜ್ಯ ವೈದ್ಯ ಸೀಟಿನ ದೊಡ್ಡ ಪೇಟೆಯಾಗಿ ಬೆಳೆಯಿತು. 1984ರಲ್ಲಿ ಕ್ಯಾಪಿಟೇಷನ್ ನಿಷೇಧಿಸುವ ಕಾಯಿದೆ ಬಂತು. 1989ರಲ್ಲಿ ಅದೇ ಸರ್ಕಾರ ಖಾಸಗಿ ವೈದ್ಯ ಕಾಲೇಜುಗಳ ವಾರ್ಷಿಕ ಶುಲ್ಕಕ್ಕೆ ಮೂರು ದರ ಬರೆದು ಪ್ರಕಟಿಸಿತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಇತರ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000ದವರೆಗೆ. ಮೋಹಿನಿ ಜೈನ್ ಮೊಕದ್ದಮೆಯಲ್ಲಿ 1992ರಲ್ಲಿ ಸುಪ್ರೀಂ ಕೋರ್ಟು, ಇದು ಬೇರೆ ಹೆಸರಿನ ಕ್ಯಾಪಿಟೇಷನ್ನೇ ಎಂದಿತು. ಹತ್ತು ವರ್ಷ ಕಳೆದು 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಅದೇ ಕೋರ್ಟು, ಲಾಭಕೋರತನ ಕೂಡದು ಎನ್ನುತ್ತಲೇ, ಖಾಸಗಿ ಸಂಸ್ಥೆಗಳು ತಮ್ಮ ಶುಲ್ಕ ತಾವೇ ಗೊತ್ತುಮಾಡಬಹುದೆಂದು ದಾರಿ ಬಿಟ್ಟುಕೊಟ್ಟಿತು. ಹೊರಗಿನಿಂದ ಬಂದವರನ್ನು ಜರಡಿ ಹಿಡಿಯುವ ಪರೀಕ್ಷೆ ಶುರುವಾದದ್ದೂ ಅದೇ 2002ರಲ್ಲಿ. ಎರಡೂ ಒಂದೇ ವರ್ಷದಲ್ಲಿ ಆದದ್ದು ಆಕಸ್ಮಿಕವಿರಬಹುದು. ಆದರೆ ಸಣ್ಣ ವ್ಯಾಪಾರಿಯ ಮನೆಯ ಮಟ್ಟಿಗೆ ಎರಡರ ಫಲವೂ ಒಟ್ಟಿಗೇ ಬಂದು ಬಿತ್ತು. ಊರಲ್ಲಿ ಸೀಟು ಕೋಟಿಯ ಮಾತಾಯಿತು, ಹೊರಗೆ ಹೋಗಿ ಬಂದರೆ ಬಾಗಿಲಲ್ಲಿ ಜರಡಿ.

ಈಗ ಊರೂರಿಗೆ ಏಜೆಂಟರು. ಬಸ್ ನಿಲ್ದಾಣದ ಎದುರು ಬೋರ್ಡು, ಕಲ್ಯಾಣ ಮಂಟಪದಲ್ಲಿ ಮಾಹಿತಿ ಸಭೆ, ಬಂದವರಿಗೆಲ್ಲ ಕಾಫಿ ಬಿಸ್ಕತ್ತು. ಹಾಸ್ಟೆಲಿನಲ್ಲಿ ಭಾರತೀಯ ಊಟವಿದೆ ಎಂದು ಹೇಳುತ್ತಾರೆ. ಹಿಂತಿರುಗಿ ಬಂದ ಮೇಲೆ ಹತ್ತೊಂಬತ್ತು ವಿಷಯಗಳ ಪರೀಕ್ಷೆ ಇದೆ, ಅದಕ್ಕೆ ಕೂತು ಓದಲು ಇನ್ನೊಂದು ವರ್ಷದ ಅನ್ನ ಮನೆಯಲ್ಲಿರಬೇಕು ಎಂಬುದನ್ನು ಎಷ್ಟು ಮಂದಿ ಹೇಳಿದ್ದಾರೆ?

ಇಲ್ಲಿ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಓದುವ ಹೊತ್ತು ಆಕಾಶದಿಂದ ಉದುರುವುದಿಲ್ಲ. ಅದಕ್ಕೆ ಬೆಲೆ ಇದೆ, ಯಾರೋ ಅದನ್ನು ತೆರುತ್ತಾರೆ. ಹದಿನಾಲ್ಕು ಗಂಟೆ ಓದುವ ಹುಡುಗನ ಹಿಂದೆ ಅವನ ಊಟ ಬೇಯಿಸುವವರು, ಬಟ್ಟೆ ಒಗೆಯುವವರು, ಬಾಡಿಗೆ ಕಟ್ಟುವವರು ಇರುತ್ತಾರೆ. ಉಳ್ಳವರ ಮನೆಯಲ್ಲಿ ಈ ಲೆಕ್ಕ ಕಾಣಿಸುವುದಿಲ್ಲ, ಆದ್ದರಿಂದ ಅವರು ಅದನ್ನು ‘ಶಿಸ್ತು’ ಎಂದು ಕರೆಯುತ್ತಾರೆ. ಇಲ್ಲದವರ ಮನೆಯಲ್ಲಿ ಅದು ಕಾಣಿಸುತ್ತದೆ. ಅಲ್ಲಿ ಅದಕ್ಕೆ ‘ನೆಪ’ ಎಂದು ಹೆಸರು.

ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1911ರ ಕಾಯಿದೆಯಲ್ಲಿ ಬಟ್ಟೆ ಗಿರಣಿಯ ಗಂಡಾಳಿಗೆ ದಿನಕ್ಕೆ ಹನ್ನೆರಡು ಗಂಟೆ ಎಂದಿತ್ತು. 1922ರಲ್ಲಿ ಅದು ಹನ್ನೊಂದಾಯಿತು, 1934ರಲ್ಲಿ ಹತ್ತಾಯಿತು. 1948ರಲ್ಲಿ ದಿನಕ್ಕೆ ಒಂಬತ್ತು, ವಾರಕ್ಕೆ ನಲವತ್ತೆಂಟು ಎಂದಾಯಿತು, ಮೇಲೆ ದುಡಿಸಿದರೆ ಇಮ್ಮಡಿ ಕೂಲಿ ಎಂದಾಯಿತು. ಒಂದೊಂದು ಗಂಟೆಗೂ ಎಷ್ಟು ಮುಷ್ಕರ, ಎಷ್ಟು ಲಾಠಿ! ಆ ಗಂಟೆಗಳನ್ನು ಯಾವ ಮಾಲೀಕನೂ ಕನಿಕರದಿಂದ ಬಿಟ್ಟುಕೊಡಲಿಲ್ಲ. ಅಪ್ಪ ಗೆದ್ದ ಆ ಹೊತ್ತು ಮಗಳ ಕೈಗೆ ಬರುವಷ್ಟರಲ್ಲಿ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟಾಗಿ ಹನ್ನೆರಡಕ್ಕೆ ಮರಳಿದೆ.

ಅಂಗಡಿಕಾರರಿಗೆ ಇನ್ನೊಂದು ಲೆಕ್ಕ. ಮನೆಯವರು ಇಪ್ಪತ್ತು ಲಕ್ಷ ಸಾಲ ಮಾಡಿದ್ದಾರೆನ್ನಿ, ನೂರಕ್ಕೆ ವರ್ಷಕ್ಕೆ ಹನ್ನೆರಡು ಬಡ್ಡಿ. (ಕೈಸಾಲವಾದರೆ ಬಡ್ಡಿ ಎಷ್ಟೆಂದು ನಿಮಗೇ ಗೊತ್ತು.) ತಿಂಗಳಿಗೆ ಇಪ್ಪತ್ತು ಸಾವಿರ ಬಡ್ಡಿಯೇ ಆಯಿತು. ಒಂದು ಸಲ ನಪಾಸಾದರೆ ಮುಂದಿನ ಪರೀಕ್ಷೆಯವರೆಗೆ ಆರು ತಿಂಗಳಿಗೆ ಒಂದು ಲಕ್ಷ ಇಪ್ಪತ್ತು ಸಾವಿರ. ಪರೀಕ್ಷೆಯ ಶುಲ್ಕ ಆರೇಳು ಸಾವಿರ ಬೇರೆ, ತರಬೇತಿ ಅಂಗಡಿಯ ಬಿಲ್ಲು ಬೇರೆ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಓದು ಮುಗಿದ ಮೇಲೆ ಒಂದು ವರ್ಷದ ಸಾವಕಾಶವಿರುತ್ತದೆ. ಆದರೆ ಈ ಮಕ್ಕಳಿಗೆ ಮೊದಲ ಯತ್ನದಲ್ಲೇ ಪಾಸಾದರೂ ಇಂಟರ್ನ್‌ಷಿಪ್ ಮುಗಿಯುವ ಹೊತ್ತಿಗೆ ಆ ಒಂದು ವರ್ಷ ಮುಗಿದಿರುತ್ತದೆ. ಸಂಪಾದನೆಗೆ ಮೊದಲೇ ಕಂತು.

ಈಗ ಆ ಹುಡುಗಿಯ ಗಡಿಯಾರವನ್ನು ನೋಡೋಣ. ಬೆಳಿಗ್ಗೆ ಎಂಟಕ್ಕೆ ಕೆಲಸ ಬಿಟ್ಟು ಮನೆಗೆ ಬರುವಾಗ ಒಂಬತ್ತು. ತಿಂದು ಮಲಗಿದರೆ ಏಳುವುದು ಮಧ್ಯಾಹ್ನ ಮೂರಕ್ಕೆ. ಸಂಜೆ ಏಳಕ್ಕೆ ಮತ್ತೆ ಹೊರಡಬೇಕು. ಇದರಲ್ಲಿ ಓದಿಗೆ ಸಿಗುವುದು ಮೂರು ಗಂಟೆ. ವಾರದ ರಜೆಯ ದಿನ ಎಂಟು ಗಂಟೆ ಸಿಕ್ಕಿತೆನ್ನೋಣ. ವಾರಕ್ಕೆ 26 ಗಂಟೆಯಾಯಿತು. ಆರು ತಿಂಗಳಿಗೆ 26 ವಾರ, ಅದರಲ್ಲಿ ಜ್ವರ, ಹಬ್ಬ, ಮದುವೆ, ರಜೆ ಹಾಕಿದವರ ಪಾಳಿ ಎಂದು ನಾಲ್ಕು ವಾರ ಕಳೆಯಿರಿ. ಉಳಿದದ್ದು 572 ಗಂಟೆ. ಬಣ್ಣದ ಹಾಳೆಯ ಹದಿನಾಲ್ಕು ಗಂಟೆಯ ಲೆಕ್ಕದಲ್ಲಿ ಆರು ತಿಂಗಳಿಗೆ ಎರಡೂವರೆ ಸಾವಿರ ಗಂಟೆಗೂ ಮೇಲಾಗುತ್ತದೆ. ಇವಳಿಗಿರುವುದು ಅದರ ಕಾಲು ಪಾಲಿಗೂ ಕಡಿಮೆ. ಆ ಆರು ತಿಂಗಳ ಬಡ್ಡಿಯನ್ನು ಈ 572ಕ್ಕೆ ಹಂಚಿದರೆ ಅವಳು ಓದುವ ಒಂದೊಂದು ಗಂಟೆಗೂ ಮನೆಯವರು ಸುಮಾರು 210 ರೂಪಾಯಿ ತೆತ್ತಂತಾಯಿತು. ಇಷ್ಟು ದುಬಾರಿ ಸಾಮಾನನ್ನು ಯಾವ ವ್ಯಾಪಾರಿಯಾದರೂ ಲೆಕ್ಕವಿಲ್ಲದೆ ಖರ್ಚು ಮಾಡುತ್ತಾನೆಯೆ?

ಬಣ್ಣದ ಹಾಳೆ ಮಾಡಿಸುತ್ತಿರುವುದು ಅದನ್ನೇ. ಅದು ಮೊದಲ ದಿನ ಅಂಗರಚನಾಶಾಸ್ತ್ರದಿಂದ ಶುರುವಾಗುತ್ತದೆ. ಏಕೆಂದರೆ ಕಾಲೇಜಿನಲ್ಲಿ ಮೊದಲ ವರ್ಷ ಕಲಿಸುವುದು ಅದನ್ನು. ಇಪ್ಪತ್ತೈದು ದಿನ ಅದಕ್ಕೇ. ಆಮೇಲೆ ಶರೀರಕ್ರಿಯೆ, ಆಮೇಲೆ ಜೀವರಸಾಯನ. ಎರಡೂವರೆ ಸಾವಿರ ಗಂಟೆ ಇದ್ದವನು ಹೇಗೋ ಕೊನೆ ಮುಟ್ಟುತ್ತಾನೆ. 572 ಗಂಟೆಯವಳು ಜೀವರಸಾಯನ ಮುಗಿಸುವಷ್ಟರಲ್ಲಿ ಪರೀಕ್ಷೆಯ ದಿನ ಬಂದಿರುತ್ತದೆ. ಅಂಗರಚನೆಗೆ ಇರುವ ಅಂಕ 17. ಅವಳು ಪುಟ ತೆರೆಯದೆ ಹೋದ ಸಮುದಾಯ ವೈದ್ಯಕ್ಕೆ 30.

ಮಂಡಳಿಯೇ ಅಚ್ಚುಮಾಡಿದ ಅಂಕದ ಹಂಚಿಕೆ ಇದೆ. ಓದಿನ ಯೋಜನೆಗೆ ಅದೇ ಮೊದಲ ಪುಟವಾಗಬೇಕು. ವೈದ್ಯಶಾಸ್ತ್ರ 33, ಶಸ್ತ್ರಚಿಕಿತ್ಸೆ 32, ಹೆರಿಗೆ ಮತ್ತು ಸ್ತ್ರೀರೋಗ 30, ಸಮುದಾಯ ವೈದ್ಯ 30. ಈ ನಾಲ್ಕೇ 125 ಅಂಕ. ಮಕ್ಕಳ ರೋಗ, ಕಣ್ಣು, ಕಿವಿ-ಮೂಗು-ಗಂಟಲು ತಲಾ 15 ಸೇರಿದರೆ 170. ಔಷಧಶಾಸ್ತ್ರ, ರೋಗಲಕ್ಷಣಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ತಲಾ 13. ನ್ಯಾಯವೈದ್ಯ 10. ಮೊದಲ ವರ್ಷದ ಮೂರು ವಿಷಯ ತಲಾ 17. ಮಾನಸಿಕ ರೋಗ, ಚರ್ಮರೋಗ, ಮೂಳೆ, ಅರಿವಳಿಕೆ, ವಿಕಿರಣದ ಎರಡು ಶಾಖೆ ತಲಾ 5. ಒಟ್ಟು 300.

ಅಂಗಡಿಯಲ್ಲಿ ಹೆಚ್ಚು ಹೋಗುವ ಮಾಲನ್ನು ಮುಂದೆ ಇಡುತ್ತೇವೆ, ಅಪರೂಪಕ್ಕೆ ಕೇಳುವುದನ್ನು ಅಟ್ಟದ ಮೇಲೆ. ಇದೂ ಹಾಗೆಯೇ. 572 ಗಂಟೆಯಲ್ಲಿ ಅಂಕಕ್ಕೆ ಒಂದೂಕಾಲು ಗಂಟೆಯಂತೆ 375 ಗಂಟೆ ಮೊದಲ ಓದಿಗೆ. ವೈದ್ಯಶಾಸ್ತ್ರಕ್ಕೆ ಸುಮಾರು 41 ಗಂಟೆ, ಅಂಗರಚನೆಗೆ 21, ಐದಂಕದ ವಿಷಯಕ್ಕೆ ಆರೇ ಗಂಟೆ. ಆರು ಮುಗಿದ ಮೇಲೆ ಪುಸ್ತಕ ಮುಚ್ಚಬೇಕು, ಎಷ್ಟೇ ಆಸೆಯಾದರೂ. ಉಳಿದ 197 ಗಂಟೆ ಮರು ಓದಿಗೆ ಮತ್ತು ಗಡಿಯಾರ ಇಟ್ಟುಕೊಂಡು ಪ್ರಶ್ನೆ ಬಿಡಿಸುವುದಕ್ಕೆ. ಈ 197ನ್ನು ಮೊದಲ ಓದಿಗೆ ಸಾಲ ಕೊಡಕೂಡದು. ಕೊಟ್ಟರೆ ಅದು ಹಿಂದಕ್ಕೆ ಬರುವುದಿಲ್ಲ.

ಮರು ಓದು ಏಕೆಂದರೆ, ಒಂದೇ ಸಲ ಓದಿ ಮುಂದೆ ಹೋಗುವುದು ಉದ್ರಿ ಕೊಟ್ಟು ವಸೂಲಿಗೆ ಹೋಗದ ಹಾಗೆ. ಖಾತೆ ಪುಸ್ತಕದಲ್ಲಿ ಬರೆದಿರುತ್ತದೆ, ಗಲ್ಲಾ ಪೆಟ್ಟಿಗೆ ಮಾತ್ರ ಖಾಲಿ. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಪಂಡಿತ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ, ಕಲಿತದ್ದರಲ್ಲಿ ಬಹುಪಾಲು ಮೊದಲ ಒಂದೆರಡು ದಿನಗಳಲ್ಲೇ ಸೋರಿಹೋಗುತ್ತದೆಂದು ತೋರಿಸಿದ. ಆದ್ದರಿಂದ ಮಾರನೆಯ ದಿನ ಒಮ್ಮೆ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ವಸೂಲಿಗೆ ಹೋಗಬೇಕು. ಹೋಗುವುದೆಂದರೆ ಪುಸ್ತಕವನ್ನು ಮತ್ತೆ ತಿರುವಿಹಾಕುವುದಲ್ಲ, ಪುಸ್ತಕ ಮುಚ್ಚಿಟ್ಟು ಪ್ರಶ್ನೆಗೆ ಉತ್ತರ ಹೇಳುವುದು. ತಾಯಿಯನ್ನು ಎದುರಿಗೆ ಕೂರಿಸಿಕೊಂಡು ರೋಗವನ್ನು ಕನ್ನಡದಲ್ಲಿ ತಿಳಿಸಿ ಹೇಳಿದರೆ ಇನ್ನೂ ಒಳ್ಳೆಯದು. ತಾಯಿಗೆ ಅರ್ಥವಾಗದಿದ್ದರೆ ಮಗಳಿಗೂ ಅರ್ಥವಾಗಿಲ್ಲವೆಂದೇ ತಿಳಿಯಬೇಕು. ಪ್ರಶ್ನೆಪತ್ರಿಕೆ ಇಂಗ್ಲಿಷಿನದು ಎಂಬುದು ನಿಜ. ರೋಗಿ ಮಾತ್ರ ಇಂಗ್ಲಿಷಿನಲ್ಲಿ ನರಳುವುದಿಲ್ಲ.

ಸಮುದಾಯ ವೈದ್ಯದ ಮಾತೆತ್ತಿದ ಮೇಲೆ ಸ್ವಲ್ಪ ನಿಲ್ಲಬೇಕು. ನಮ್ಮ ಮಕ್ಕಳು ಅತಿ ಹೆಚ್ಚು ಕೈಚೆಲ್ಲುವುದು ಇಲ್ಲಿ, ಅತಿ ಸುಲಭವಾಗಿ ಗಳಿಸಬಹುದಾದದ್ದೂ ಇಲ್ಲಿಯೇ. ಹೊರದೇಶದ ಕಾಲೇಜು ಭಾರತದ ಕ್ಷಯ ನಿರ್ಮೂಲನ ಕಾರ್ಯಕ್ರಮವನ್ನಾಗಲಿ ಇಲ್ಲಿಯ ಲಸಿಕೆಯ ಪಟ್ಟಿಯನ್ನಾಗಲಿ ಏಕೆ ಕಲಿಸೀತು? ಆಶಾ ಕಾರ್ಯಕರ್ತೆಯ ಕೆಲಸವೇನು ಎಂದು ಅಲ್ಲಿ ಯಾರಿಗೆ ಬೇಕು? ಆದರೆ ಆ ಕಾರ್ಯಕರ್ತೆ ನಮ್ಮ ಬೀದಿಯಲ್ಲೇ ಇದ್ದಾಳೆ. ಒಂದು ಮಧ್ಯಾಹ್ನ ಅವಳ ಜೊತೆ ನಾಲ್ಕು ಮನೆ ಸುತ್ತಿದರೆ ಲಸಿಕೆಯ ಪಟ್ಟಿ ಬಾಯಿಗೆ ಬರುತ್ತದೆ. ಹತ್ತಿ ಗಿರಣಿಯ ಧೂಳಿನಿಂದ ಬರುವ ಎದೆರೋಗಕ್ಕೆ ಬಿಸಿನೋಸಿಸ್ ಎಂದು ಹೆಸರು. ಭಾನುವಾರ ರಜೆ ಕಳೆದು ಸೋಮವಾರ ಸಾಂಚಾದ ಮುಂದೆ ನಿಂತಾಗ ಎದೆ ಬಿಗಿಯುವುದೇ ಅದರ ಗುರುತು. ಇದು ಈ ವಿಷಯದ ಪಠ್ಯದಲ್ಲಿದೆ. ಆ ಹುಡುಗಿಯ ತಂದೆಗೆ ಅದು ಇಪ್ಪತ್ತಾರು ವರ್ಷ ಎದೆಯಲ್ಲಿದೆ. 1948ರ ಕಾರ್ಖಾನೆ ಕಾಯಿದೆ, ಅದೇ ವರ್ಷದ ಇ.ಎಸ್.ಐ. ಕಾಯಿದೆ ಎರಡೂ ಪಠ್ಯದಲ್ಲಿವೆ. ಸಂಘದ ಕಚೇರಿಯಲ್ಲಿ ಇವುಗಳ ವಿಷಯ ಕೇಳಿದರೆ ಅರ್ಧ ಗಂಟೆಯಲ್ಲಿ ಹೇಳುವವರು ಹತ್ತು ಜನ ಸಿಗುತ್ತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ, ಅದನ್ನು ಹರಡುವ ಉಣುಗು, ಇವೂ ಅಲ್ಲಿವೆ. ನಮ್ಮ ನಲ್ಲಿ ನೀರು, ನಮ್ಮ ಚರಂಡಿ, ನಮ್ಮ ಬಾಣಂತಿಯರ ರಕ್ತಹೀನತೆ, ಇವುಗಳ ಮೇಲೆ ಮೂವತ್ತು ಅಂಕ ಇಟ್ಟಿದ್ದಾರೆ! ಬಣ್ಣದ ಹಾಳೆ ಇದನ್ನು ಕೊನೆಯ ವಾರಕ್ಕೆ ತಳ್ಳಿದೆ. ಬಡವರ ಮಗಳು ಮೊದಲ ವಾರದಲ್ಲೇ ಇದನ್ನು ಹಿಡಿಯಲಿ. ಗೆದ್ದ ಮೂವತ್ತು ಅಂಕ ಕೊಡುವ ಧೈರ್ಯವನ್ನು ಯಾವ ತರಬೇತಿಯೂ ಕೊಡಲಾರದು.

ಇನ್ನು ಪಾಳಿಯ ಮಾತು. ರಾತ್ರಿಪಾಳಿ ಮುಗಿಸಿ ಬಂದು ಕೂಡಲೇ ಪುಸ್ತಕ ಹಿಡಿಯುವುದು ಮೂರ್ಖತನ. ಕಣ್ಣು ಓಡುತ್ತದೆ, ತಲೆಗೆ ಹೋಗುವುದಿಲ್ಲ. ಹೊಸ ಪಾಠ ಏನಿದ್ದರೂ ನಿದ್ದೆ ಮಾಡಿ ಎದ್ದ ಮೇಲೆ. ಆಸ್ಪತ್ರೆಯಲ್ಲಿ ನಡುರಾತ್ರಿ ಬಿಡುವಾದರೆ ಚೀಟಿಯಲ್ಲಿ ಬರೆದ ಹತ್ತು ಪ್ರಶ್ನೆ ಸಾಕು. ಪರೀಕ್ಷೆ ನಡೆಯುವುದು ಹಗಲಿನಲ್ಲಿ. ಆದ್ದರಿಂದ ಹತ್ತು ದಿನ ಮುಂಚೆಯೇ ರಾತ್ರಿಪಾಳಿ ಬಿಟ್ಟು ದೇಹವನ್ನು ಹಗಲಿಗೆ ಹೊರಳಿಸಿಕೊಳ್ಳಬೇಕು. ಪಾಳಿ ಬದಲಾದ ಮೊದಲ ಮೂರು ದಿನ ಗಿರಣಿಯಲ್ಲಿ ಎಷ್ಟು ಎಳೆ ಕಡಿಯುತ್ತವೆ ಎಂದು ಅಪ್ಪನನ್ನು ಕೇಳಿದರೆ ತಿಳಿದೀತು. ಆ ದಿನಗಳಲ್ಲಿ ಎರಡು ಮೂರು ಸಲವಾದರೂ ಬೆಳಿಗ್ಗೆ 150, ಮಧ್ಯಾಹ್ನ 150 ಎಂದು ಪೂರ್ತಿ ಪ್ರಶ್ನೆ ಬಿಡಿಸಿ ನೋಡಬೇಕು. ತಪ್ಪಿಗೆ ಅಂಕ ಕಳೆಯುವುದಿಲ್ಲ. ಗೊತ್ತಿಲ್ಲದ ಪ್ರಶ್ನೆಗೂ ಒಂದು ಗುರುತು ಹಾಕಿಯೇ ಏಳಬೇಕು, ಖಾಲಿ ಬಿಡುವುದು ದಾನ ಮಾಡಿದಂತೆ.

ಮನೆಯವರಿಗೂ ಒಂದು ಮಾತು, ಕಠಿಣವಾಗಿಯೇ ಹೇಳುತ್ತೇವೆ. ಮೂರರಿಂದ ಆರು ಓದಿನ ಪಾಳಿ ಎಂದು ಗೊತ್ತುಮಾಡಿದರೆ ಅದು ಗಿರಣಿಯ ಪಾಳಿಯಷ್ಟೇ ಗಟ್ಟಿಯಾಗಿರಬೇಕು. ಸಾಂಚಾ ಓಡುತ್ತಿರುವಾಗ ನಂಟರು ಬಂದರೆಂದು ಯಾರೂ ಅದನ್ನು ಬಿಟ್ಟು ಎದ್ದು ಹೋಗುವುದಿಲ್ಲ. ನಮ್ಮ ಮನೆಗಳಲ್ಲಿ ಮಗ ಓದಲು ಕೂತರೆ ಬಾಗಿಲು ಮುಂದೆ ಮಾಡುತ್ತಾರೆ, ಮಗಳು ಓದಲು ಕೂತರೆ ಒಲೆಯ ಮೇಲೆ ಹಾಲಿಟ್ಟು ನೋಡಿಕೋ ಎನ್ನುತ್ತಾರೆ. ಸಮಾಜವಾದದ ಭಾಷಣ ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋಗುವ ನಮ್ಮ ಸಂಗಾತಿಗಳೂ ಇದಕ್ಕೆ ಹೊರತಲ್ಲ. ನಲ್ಲಿ ನೀರು ಬರುವ ದಿನ ಕೊಡ ಹಿಡಿಯುವವರು ಯಾರೆಂದು ಒಮ್ಮೆ ಲೆಕ್ಕ ಹಾಕಿರಿ.

ಆದರೆ ಮೂರು ಗಂಟೆಯನ್ನು ಮೂವತ್ತು ಮಾಡುವ ವಿದ್ಯೆ ಯಾವ ಯೋಜನೆಯಲ್ಲೂ ಇಲ್ಲ. ಅವಳ ಉಳಿದ ಹೊತ್ತನ್ನು ಕೊಂಡುಕೊಂಡವರು ಯಾರು?

ನೋಂದಣಿ ಇಲ್ಲದವರು ವೈದ್ಯ ವೃತ್ತಿ ಮಾಡುವುದು ಅಪರಾಧ. 2019ರ ವೈದ್ಯ ಆಯೋಗದ ಕಾಯಿದೆಯಲ್ಲಿ ಅದಕ್ಕೆ ಒಂದು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ ಇಟ್ಟಿದ್ದಾರೆ. ಇದನ್ನು ನರ್ಸಿಂಗ್ ಹೋಮಿನ ಧಣಿಗಳು ಚೆನ್ನಾಗಿ ಬಲ್ಲರು. ಹಾಗಾಗಿ ಹಾಜರಿ ಪುಸ್ತಕದಲ್ಲಿ ಅವಳು ‘ಸಹಾಯಕಿ’. ಹೆಸರು ಸಹಾಯಕಿಯದು, ಸಂಬಳ ಸಹಾಯಕಿಯದು, ರಾತ್ರಿ ಎರಡು ಗಂಟೆಗೆ ಎದೆನೋವೆಂದು ಬಂದವರ ಮುಂದೆ ನಿಲ್ಲುವುದು ಮಾತ್ರ ವೈದ್ಯಳಾಗಿ. ಏನಾದರೂ ಹೆಚ್ಚುಕಡಿಮೆಯಾದರೆ ಧಣಿ ಮನೆಯಲ್ಲಿ ಮಲಗಿದ್ದರು, ಸಿಕ್ಕಿಬೀಳುವವಳು ಇವಳು. ಅವಳು ಪಾಸಾದರೆ ಅವರು ಈಗ ಕೊಡುವ ಸಂಬಳಕ್ಕೆ ಯಾರನ್ನು ತಂದಾರು? ಅವಳು ಪಾಸಾದರೆ ತರಬೇತಿ ಅಂಗಡಿಗೆ ಮುಂದಿನ ಆರು ತಿಂಗಳ ಗಿರಾಕಿ ಯಾರು? ಇವರೆಲ್ಲ ಕೂತು ಪಿತೂರಿ ಮಾಡಿದ್ದಾರೆಂದು ನಾವು ಹೇಳುವುದಿಲ್ಲ. ಪಿತೂರಿಯ ಅಗತ್ಯವೇ ಇಲ್ಲ. ಅವಳು ಫೇಲಾದಾಗಲೆಲ್ಲ ಇವರ ಗಲ್ಲಾಪೆಟ್ಟಿಗೆಯಲ್ಲಿ ಸದ್ದಾಗುತ್ತದೆ, ಅಷ್ಟೇ ಸಾಕು.

ಹಾಗಾದರೆ ಪರೀಕ್ಷೆಯೇ ಬೇಡ, ಪಾಸಿನ ಅಂಕ ಇಳಿಸಿರಿ ಎನ್ನೋಣವೆ? ಹಾಗೆಂದು ಕೂಗುವ ಕೆಲವರಿದ್ದಾರೆ. ಅವರ ಜೊತೆ ನಾವಿಲ್ಲ. ಅರೆಕಲಿತ ವೈದ್ಯನ ಹತ್ತಿರ ಶ್ರೀಮಂತ ಹೋಗುವುದಿಲ್ಲ, ಅವನಿಗೆ ದೊಡ್ಡ ಊರಿನ ದೊಡ್ಡ ಆಸ್ಪತ್ರೆ ಇದೆ. ಹೋಗುವವರು ನಾವು. ನಮ್ಮ ಹೆಂಗಸರ ಹೆರಿಗೆ, ನಮ್ಮ ಕೂಸುಗಳ ಜ್ವರ. 2022ರ ಡಿಸೆಂಬರಿನಲ್ಲಿ ಸಿ.ಬಿ.ಐ.ಯವರು, ಈ ಪರೀಕ್ಷೆ ಪಾಸಾಗದೆಯೇ ರಾಜ್ಯ ವೈದ್ಯ ಮಂಡಳಿಗಳಲ್ಲಿ ನೋಂದಣಿ ಪಡೆದರೆಂದು 73 ಮಂದಿಯ ಮೇಲೆ ಮೊಕದ್ದಮೆ ಹೂಡಿದರು. ಕಳ್ಳದಾರಿ ಹೀಗೆ ತೆರೆದುಕೊಳ್ಳುವುದು ನೇರ ದಾರಿಯಲ್ಲಿ ನಡೆಯಲು ಹೊತ್ತಿಲ್ಲದವರ ಮುಂದೆ. ಪರೀಕ್ಷೆ ಕಠಿಣವಾಗಿಯೇ ಇರಲಿ. ಕೂರುವ ಮುಂಚೆ ಓದಲು ಎಲ್ಲರಿಗೂ ಹೊತ್ತಿರಲಿ ಎನ್ನುವುದು ನಮ್ಮ ತಕರಾರು.

ಸರ್ಕಾರಕ್ಕೆ ಮನಸ್ಸಿದ್ದರೆ ಇದು ಕಷ್ಟದ ಕೆಲಸವಲ್ಲ. ಪರೀಕ್ಷೆಗೆ ಹೆಸರು ಕೊಟ್ಟ ಬಡ ಮನೆಯ ಪದವೀಧರನಿಗೆ ಆರು ತಿಂಗಳು ಹೊಟ್ಟೆಪಾಡಿನ ಭತ್ಯ ಕೊಡಲಿ. ಪಾಸಾಗಿ ದುಡಿಯತೊಡಗಿದ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ ಸೇವೆ ಪಡೆದು ತೀರಿಸಿಕೊಳ್ಳಲಿ. ಇಂಟರ್ನ್‌ಷಿಪ್ ಮುಗಿಯುವವರೆಗೆ ಸಾಲದ ಕಂತು ನಿಲ್ಲಲಿ. ಸರ್ಕಾರಿ ವೈದ್ಯ ಕಾಲೇಜುಗಳ ಕೋಣೆಗಳು ಸಂಜೆ ಐದರ ಮೇಲೆ ಬೀಗ ಹಾಕಿಕೊಂಡಿರುತ್ತವೆ, ಅಲ್ಲಿ ಪಾಠ ನಡೆಯಲಿ. ಪರೀಕ್ಷಾ ಮಂಡಳಿ ವರ್ಷಕ್ಕೆ ಎರಡರ ಬದಲು ನಾಲ್ಕು ಸಲ ಪರೀಕ್ಷೆ ಇಟ್ಟರೆ ಒಂದಂಕಕ್ಕೆ ಸೋತವನ ಬಡ್ಡಿ ಅರ್ಧಕ್ಕಿಳಿಯುತ್ತದೆ. ಮಂಡಳಿ ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲವೆಂದು ಪರೀಕ್ಷಾರ್ಥಿಗಳಿಂದ ಒಪ್ಪಿಗೆ ಪಡೆದುಕೊಳ್ಳುತ್ತದೆ. ಹಳೆಯ ಪ್ರಶ್ನೆಗಳನ್ನು ಉತ್ತರ ಸಹಿತ ಅದೇ ಅಚ್ಚು ಹಾಕಿದರೆ, ನೆನಪಿನಿಂದ ಕದ್ದ ಪ್ರಶ್ನೆ ಮಾರುವ ಅಂಗಡಿಗಳು ಮರುದಿನವೇ ಬಾಗಿಲೆಳೆಯುತ್ತವೆ. ಇನ್ನು ಎಲ್ಲರಿಗೂ ಒಂದೇ ಪರೀಕ್ಷೆ ತರುತ್ತೇವೆಂದು 2019ರ ಕಾಯಿದೆಯಲ್ಲಿ ಬರೆದರು, 2023ರಲ್ಲಿ ನಿಯಮ ಹೊರಡಿಸಿ ಜುಲೈಯಲ್ಲಿ ಮುಂದೂಡಿದರು. ಯಾವ ಪರೀಕ್ಷೆಗೆ ಓದಬೇಕೆಂದೇ ಗೊತ್ತಿಲ್ಲದವನಿಗೆ ವೇಳಾಪಟ್ಟಿ ಹಾಕಿಕೋ ಎಂದು ಬುದ್ಧಿ ಹೇಳುವುದು ಗೇಲಿಯಲ್ಲದೆ ಮತ್ತೇನು? ಬದಲಾಯಿಸುವುದಾದರೆ ಎರಡು ವರ್ಷ ಮುಂಚೆ ಹೇಳಿ ಬದಲಾಯಿಸಲಿ.

ಗ್ರಂಥಾಲಯದ ವಿಷಯ ಊರಿನದು, ಅದನ್ನು ದೆಹಲಿಗೆ ಬರೆಯಬೇಕಾಗಿಲ್ಲ. 1965ರ ಗ್ರಂಥಾಲಯ ಕಾಯಿದೆಯಂತೆ ನಾವು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಪ್ರತಿಯೊಬ್ಬ ಅಂಗಡಿಕಾರನ ರಸೀತಿಯಲ್ಲೂ ಅದು ಇದೆ, ತೆಗೆದು ನೋಡಿರಿ. ಆ ದುಡ್ಡಿನ ಗ್ರಂಥಾಲಯ ಕೆಲಸಕ್ಕೆ ಹೋಗುವವರು ಊರಲ್ಲಿಲ್ಲದ ಹೊತ್ತಿನಲ್ಲಿ ತೆರೆದು, ಅವರು ಮನೆಗೆ ಬರುವ ಹೊತ್ತಿಗೆ ಮುಚ್ಚುತ್ತದೆ. ಬೆಳಿಗ್ಗೆ ಐದರಿಂದ ರಾತ್ರಿ ಹನ್ನೆರಡರವರೆಗೆ ಎರಡು ಪಾಳಿಯಲ್ಲಿ ತೆರೆದಿಡಬೇಕೆಂದು ಅರ್ಜಿ ಬರೆದಿದ್ದೇವೆ. ಕರದ ರಸೀತಿಯ ನಕಲಿನೊಡನೆ ವ್ಯಾಪಾರಿ ಬಂಧುಗಳು ಸಹಿ ಹಾಕಬೇಕು. ಅರ್ಜಿ ನಮ್ಮ ಕಚೇರಿಯಲ್ಲಿದೆ.

ಅಲ್ಲಿಯವರೆಗೆ ಪಕ್ಷದ ಕಚೇರಿಯ ಮಾಳಿಗೆ ಕೋಣೆಯನ್ನು ಬರುವ ಸೋಮವಾರದಿಂದ ಓದುವ ಮಕ್ಕಳಿಗೆ ಬಿಟ್ಟುಕೊಟ್ಟಿದ್ದೇವೆ. ಯಾವ ಪರೀಕ್ಷೆಗೆ ಓದುವವರಾದರೂ ಸರಿ, ಯಾವ ಪಕ್ಷದವರ ಮಕ್ಕಳಾದರೂ ಸರಿ. ಎರಡು ಮೇಜು, ಎಂಟು ಕುರ್ಚಿ, ಒಂದು ಫ್ಯಾನು ಇದೆ. ಗೋಡೆ ಗಡಿಯಾರ ಕೆಟ್ಟಿತ್ತು, ಆ ಗಿರಣಿಯ ಹಿರಿಯರೇ ಬಿಚ್ಚಿ ಸರಿಮಾಡಿ ಹೋಗಿದ್ದಾರೆ. ಮಧ್ಯಾಹ್ನ ಮೂರರಿಂದ ಆರರವರೆಗೆ ಅಲ್ಲಿ ಸಭೆ ಇಲ್ಲ, ಭಾಷಣ ಇಲ್ಲ. ಬೀಗದ ಕೈ ಕೆಳಗಿನ ಬೀಡಾ ಅಂಗಡಿಯಲ್ಲಿ ಸಿಗುತ್ತದೆ.